ಹಸಿರು ಪಟ್ಟಿ ಕಟ್ಟಿಕೊಂಡು ಕೂತ ರಾತ್ರಿ

ಆ ರಾತ್ರಿ ನನ್ನ ಎಡಗೈಗೆ ಒಂದು ಹಸಿರು ಪಟ್ಟಿ ಕಟ್ಟಿದರು. ಬಲಗೈ ಮಣಿಕಟ್ಟು ಮುರಿದಿತ್ತು. ನೋವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಆದರೂ ಒಳಗೆ ಕರೆಯಲಿಲ್ಲ. ಗೋಡೆ ಪಕ್ಕದ ಸ್ಟೀಲ್ ಬೆಂಚು ತೋರಿಸಿ, "ಅಲ್ಲಿ ಕೂತ್ಕೊಳ್ಳಿ ಅಕ್ಕ, ನಾವೇ ಬಂದು ನೋಡ್ತೀವಿ" ಅಂದರು. ಒಂಬತ್ತೂ ಮುಕ್ಕಾಲಿಗೆ ಕೂತವಳು ಎಕ್ಸ್‌ರೇಗೆ ಅಂತ ಎದ್ದಾಗ ಎರಡು ಗಂಟೆ. ಅಷ್ಟು ಹೊತ್ತು ಅಲ್ಲಿ ಕೂತು ಕಂಡದ್ದನ್ನು ಬರೆಯಬೇಕು ಅಂತ ಒಂದು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ನಮ್ಮ ಚಿಕ್ಕಪ್ಪ ಇವತ್ತು ಇದ್ದಾರೆ ಅಂದರೆ, ಅದೇ ಬೆಂಚಿನ ಹತ್ತಿರ ಒಬ್ಬ ಸಿಸ್ಟರ್ ಎರಡನೇ ಸಲ ಬಂದು ನೋಡಿದ್ದಕ್ಕೆ.

ಮೇ ತಿಂಗಳು. ಸಾಗರದಲ್ಲಿ ಮದುವೆ ಮುಗಿಸಿಕೊಂಡು ಶಿವಮೊಗ್ಗದ ಕಡೆ ಹೊರಟಿದ್ದೆವು. ಟೆಂಪೋ ಟ್ರಾವೆಲರಿನಲ್ಲಿ ಡ್ರೈವರ್ ಸೇರಿ ಹನ್ನೊಂದು ಜನ. ಸಂಜೆ ಒಂದು ಅಡ್ಡಮಳೆ ಹೊಡೆದು ರಸ್ತೆ ಜಾರುತ್ತಿತ್ತು. ಚೋರಡಿ ದಾಟಿ ಕುಂಸಿ ಬರುವುದರೊಳಗೆ ಒಂದು ತಿರುವಿನಲ್ಲಿ ದನ ಅಡ್ಡ ಬಂತು. ಬ್ರೇಕ್ ಹಾಕಿದ್ದೇ ಗಾಡಿ ಜಾರಿ, ಚರಂಡಿಗೆ ಇಳಿದು ಎಡಕ್ಕೆ ಮಗುಚಿತು. ಎಂಟೂಕಾಲು ಇರಬಹುದು. ಚಿಕ್ಕಪ್ಪ ಎಡಗಡೆ ಕಿಟಕಿ ಪಕ್ಕ ಕೂತಿದ್ದರು. ಈ ಮಾತು ಆಮೇಲೆ ಮುಖ್ಯ ಆಗುತ್ತೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಹಿಂದೆ ಬರುತ್ತಿದ್ದ ಲಾರಿಯವರು ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದು ಒಬ್ಬೊಬ್ಬರನ್ನೇ ಈಚೆ ಎಳೆದರು. 108ಕ್ಕೆ ಫೋನ್ ಮಾಡಿದ್ದೂ ಅವರೇ. ಆಂಬುಲೆನ್ಸ್ ಬಂದಾಗ ಅದರ ಹುಡುಗ ಇಳಿದವನೇ ಮೊದಲು ಕೂಗಿದ್ದು ಒಂದೇ ಮಾತು: "ನಡೆಯೋಕೆ ಆಗೋರೆಲ್ಲ ರಸ್ತೆ ಆ ಕಡೆ ಮರದ ಹತ್ರ ಬನ್ನಿ!" ನನಗೆ ಸಿಟ್ಟು ಬಂತು. ಇಷ್ಟು ಜನ ಬಿದ್ದುಕೊಂಡಿದ್ದಾರೆ, ಇವನು ನಡೆಯುವವರನ್ನು ಕರೆಯುತ್ತಿದ್ದಾನಲ್ಲ ಅಂತ. ಅವನು ಮಾಡಿದ್ದೇ ಸರಿ ಅಂತ ಆಮೇಲೆ ತಿಳಿಯಿತು. 1983ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿ ಒಂದು ಆಸ್ಪತ್ರೆಯವರೂ ಅಗ್ನಿಶಾಮಕ ದಳದವರೂ ಸೇರಿ 'ಸ್ಟಾರ್ಟ್' ಅನ್ನುವ ಒಂದು ವಿಧಾನ ಮಾಡಿದರು. ಜಾಸ್ತಿ ಜನಕ್ಕೆ ಒಟ್ಟಿಗೆ ಪೆಟ್ಟಾದಾಗ ಅದರ ಮೊದಲ ಹೆಜ್ಜೆಯೇ ಇದು. ನಡೆದು ಹೋಗುವವರಿಗೆ ಸದ್ಯಕ್ಕೆ ಹಸಿರು, ಅಂದರೆ ಅವರು ಕಾಯಬಹುದು. ಉಳಿದವರಲ್ಲಿ ಉಸಿರು ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಇದೆಯಾ, ಕೈಯಲ್ಲಿ ನಾಡಿ ಸಿಗುತ್ತಾ, ಹೇಳಿದ ಮಾತು ಕೇಳುತ್ತಾರಾ ಅಂತ ನೋಡುತ್ತಾ ಹೋಗಬೇಕು. ಒಬ್ಬೊಬ್ಬರಿಗೆ ಒಂದು ನಿಮಿಷವೂ ಹಿಡಿಯಬಾರದು.

ಚಿಕ್ಕಪ್ಪ ಪಂಚೆ ಸರಿ ಮಾಡಿಕೊಂಡು, ನನ್ನ ಭುಜ ಹಿಡಿದು, ರಸ್ತೆ ದಾಟಿ ಮರದ ಹತ್ತಿರ ಬಂದು ನಿಂತರು. ಅಲ್ಲಿಗೆ ಅವರು ಹಸಿರು.

ಮೊದಲ ಆಂಬುಲೆನ್ಸಿಗೆ ಆ ಹುಡುಗ ಡ್ರೈವರನ್ನು ಮಲಗಿಸಿದ. ಜೊತೆಗೆ ಯಾರು ಅಂತ ಬಂದಾಗ ನಾವೆಲ್ಲ ಸೇರಿ ಅತ್ತಿಗೆಯನ್ನೂ ಅಣ್ಣನ ಮಗನನ್ನೂ ಹತ್ತಿಸಿದೆವು. ಅತ್ತಿಗೆ ಕಾಲು ಹಿಡಿದುಕೊಂಡು ಊರು ಕೇಳುವ ಹಾಗೆ ಕೂಗುತ್ತಿದ್ದರು. ಹುಡುಗನ ಮುಖ ಪೂರ್ತಿ ರಕ್ತ. ಕಣ್ಣು ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ. ಯಾರು ತಾನೇ ಇನ್ನೊಬ್ಬರ ಬಗ್ಗೆ ಯೋಚಿಸುತ್ತಾರೆ? ಚಿಕ್ಕಪ್ಪನೂ ನಾನೂ ಇನ್ನಿಬ್ಬರೂ ಯಾರದೋ ಕಾರಿನಲ್ಲಿ ಹಿಂದಿನಿಂದ ಹೋದೆವು. ದಾರಿಯಲ್ಲಿ ಅವರು ಎರಡು ಸಲ ನೀರು ಕೇಳಿದರು. ಎಡ ಭುಜ ನೋಯುತ್ತೆ ಅಂದರು. ಕಿಟಕಿಗೆ ಬಡಿದಿರಬೇಕು ಅಂದೆ.

ದೊಡ್ಡಾಸ್ಪತ್ರೆಯ ಬಾಗಿಲಲ್ಲೇ ಒಂದು ಮೇಜು. ಅದರ ಮೇಲೆ ಬಿಪಿ ಮಿಷನ್, ಬೆರಳಿಗೆ ಹಾಕುವ ಆಕ್ಸಿಮೀಟರ್, ಕೆಂಪು ಹಳದಿ ಹಸಿರು ಪಟ್ಟಿಗಳ ಡಬ್ಬಿ. ಕೆಂಪು ಅಂದರೆ ಈಗಲೇ ನೋಡಬೇಕು, ಹಳದಿ ಅಂದರೆ ಅವರಾದ ಮೇಲೆ, ಹಸಿರು ಕೊನೆಗೆ. ಒಬ್ಬರೇ ಸಿಸ್ಟರ್, ನಲವತ್ತರ ಆಸುಪಾಸು. ಅವರು ಯಾರಿಗೂ ಔಷಧಿ ಕೊಡುತ್ತಿರಲಿಲ್ಲ, ಗಾಯಕ್ಕೆ ಕಟ್ಟು ಹಾಕುತ್ತಿರಲಿಲ್ಲ. ನೋಡುವುದು, ಮುಟ್ಟುವುದು, ಎರಡು ಪ್ರಶ್ನೆ ಕೇಳುವುದು, ಪಟ್ಟಿ ಕಟ್ಟುವುದು, ಮುಂದಿನವರ ಹತ್ತಿರ ಹೋಗುವುದು. ಇದನ್ನೇ ಟ್ರಯಾಜ್ ಅನ್ನುತ್ತಾರೆ. ಫ್ರೆಂಚ್ ಮಾತು, ವಿಂಗಡಿಸುವುದು ಅಂತ ಅರ್ಥ. ನೆಪೋಲಿಯನ್ ಸೈನ್ಯದ ಸರ್ಜನ್ ಡೊಮಿನಿಕ್ ಲಾರೆ, ಸೈನಿಕನ ಪದವಿ ನೋಡಬೇಡಿ, ಗಾಯ ನೋಡಿ ಅಂತ ಪಟ್ಟು ಹಿಡಿದವನು. ಕ್ಯಾಪ್ಟನ್ನೇ ಇರಲಿ, ಸಿಪಾಯಿಯೇ ಇರಲಿ, ಯಾರಿಗೆ ಪ್ರಾಣ ಹೋಗುವ ಹಾಗಿದೆಯೋ ಅವರನ್ನು ಮೊದಲು ಎತ್ತಿ ಅಂದ. ಇನ್ನೂರು ವರ್ಷದ ಹಿಂದಿನ ಆ ಮಾತನ್ನು ಅವತ್ತು ನಮ್ಮ ಕಣ್ಣೆದುರೇ ಪಾಲಿಸಿದರು. ನಾವು ಬಂದ ಸ್ವಲ್ಪ ಹೊತ್ತಿಗೆ, ಊರಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡಿಸುವಂಥ ಒಬ್ಬರು ಬೆರಳು ಕೊಯ್ದುಕೊಂಡು ಬಂದರು. ಜೊತೆಗೆ ಬಂದವರು ಯಾರಿಗೋ ಫೋನ್ ಹಚ್ಚಿ ಸಿಸ್ಟರ್ ಕಿವಿಗೆ ಹಿಡಿಯಲು ಹೋದರು. ಸಿಸ್ಟರ್ ಫೋನ್ ಮುಟ್ಟಲಿಲ್ಲ. ಬೆರಳಿಗೆ ಬಟ್ಟೆ ಒತ್ತಿಸಿ, "ಕೈ ಮೇಲೆ ಎತ್ತಿ ಹಿಡ್ಕೊಳ್ಳಿ ಸಾರ್" ಅಂದು ಹಸಿರು ಪಟ್ಟಿ ಕಟ್ಟಿದರು. ಅವರು ಬಂದು ನನ್ನ ಪಕ್ಕದಲ್ಲೇ ಕೂತರು.

ನಮ್ಮವರನ್ನು ನೋಡಿದ ರೀತಿ ಹೇಳುತ್ತೇನೆ. ಅತ್ತಿಗೆಯ ಕೂಗಿಗೆ ಇಡೀ ವಾರ್ಡು ತಿರುಗಿ ನೋಡುತ್ತಿತ್ತು. ಸಿಸ್ಟರ್ ಮಾತ್ರ ಡ್ರೈವರ್ ಹತ್ತಿರ ಹೋದರು. ಅವನ ಮೈಮೇಲೆ ಒಂದು ಹನಿ ರಕ್ತ ಇರಲಿಲ್ಲ. ಸುಮ್ನೆ ಕೂತ ಹಾಗಿದ್ದ. "ಯಾವ ಊರು ತಮ್ಮ?" ಅಂತ ಕೇಳಿದರು. ಅವನು "ಭದ್ರಾ" ಅಂದು ನಿಲ್ಲಿಸಿ, ಉಸಿರು ಎಳೆದುಕೊಂಡು, "ವತಿ" ಅಂದ. ಅಷ್ಟೇ. ಒಂದು ಊರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಲು ಅವನಿಗೆ ಆಗಲಿಲ್ಲ. ಸಿಸ್ಟರ್ ಅವನ ಅಂಗಿ ಮೇಲೆತ್ತಿದರು. ಎದೆಯ ಒಂದು ಮಗ್ಗುಲು ಏಳುತ್ತಿತ್ತು, ಇನ್ನೊಂದು ಏಳುತ್ತಿರಲಿಲ್ಲ. "ಕೆಂಪು!" ಅಂತ ಕೂಗಿದರು. ಸ್ಟ್ರೆಚರ್ ಓಡಿತು. ಸ್ಟೀರಿಂಗ್ ಬಡಿದು ಪಕ್ಕೆಲುಬು ಮುರಿದು ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡಿತ್ತಂತೆ. ಎದೆಗೆ ನಳಿಗೆ ಹಾಕಿದ ಮೇಲೆ ಅವನ ತುಟಿಗೆ ಬಣ್ಣ ಬಂದದ್ದನ್ನು ಬಾಗಿಲ ಸಂದಿಯಲ್ಲಿ ನಾನೇ ಕಂಡೆ.

ಆಮೇಲೆ ಹುಡುಗ. ತಲೆಗೆ ದಪ್ಪ ಗಾಜ್ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಲು ಅಣ್ಣನಿಗೆ ಹೇಳಿದರು. ಮುಖ ಒರೆಸಿದ ಮೇಲೆ ನೋಡಿದರೆ ಎರಡು ಇಂಚಿನ ಗಾಯ. ನೆತ್ತಿ ಚರ್ಮದಲ್ಲಿ ರಕ್ತನಾಳ ಜಾಸ್ತಿ, ಚಿಕ್ಕ ಗಾಯಕ್ಕೂ ಹರಿಯುತ್ತೆ. ಹೆಸರು ಕೇಳಿದರು, ಎಷ್ಟನೇ ಕ್ಲಾಸು ಕೇಳಿದರು, "ನನ್ನ ಎರಡು ಬೆರಳು ಗಟ್ಟಿಯಾಗಿ ಹಿಡಿ ನೋಡೋಣ" ಅಂದರು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6, ಒಟ್ಟು 15 ಅಂಕ. ಪೆಟ್ಟು ಬಿದ್ದವರ ಎಚ್ಚರ ಅಳೆಯುವುದು ಹೀಗೆ. ಹುಡುಗನಿಗೆ 15ಕ್ಕೆ 15. ಆದರೂ ತಲೆ ಪೆಟ್ಟು ಅಂತ ಹಳದಿ ಕಟ್ಟಿದರು. "ವಾಂತಿ ಆದ್ರೆ, ನಿದ್ದೆ ಬರ್ತಿದೆ ಅಂದ್ರೆ, ಒಂದು ಮಾತನ್ನೇ ತಿರುಗಿ ತಿರುಗಿ ಕೇಳಿದ್ರೆ ಆ ಕ್ಷಣ ಕೂಗಿ. ಮಲಗಲಿ ಪಾಪ ಅಂತ ಬಿಡಬೇಡಿ" ಅಂದರು.

ಅತ್ತಿಗೆಗೂ ಹಳದಿ. ಅಣ್ಣ ತಡೆಯಲಾರದೆ ಸಿಸ್ಟರ್ ಮೇಲೆ ಹರಿಹಾಯ್ದ. ಅವರು ದನಿ ಏರಿಸಲಿಲ್ಲ. "ಕೂಗ್ತಿದ್ದಾರೆ ಅಂದ್ರೆ ಉಸಿರು ಚೆನ್ನಾಗಿ ಓಡ್ತಿದೆ ಅಣ್ಣ. ಪಾದದಲ್ಲಿ ನಾಡಿ ಸಿಗ್ತಿದೆ. ನೋವಿನ ಇಂಜೆಕ್ಷನ್ ಹೇಳಿದ್ದೀನಿ, ಈಗ ಕೊಡ್ತಾರೆ. ನನಗೆ ಭಯ ಸುಮ್ನೆ ಇರೋರದ್ದು." ಅವತ್ತು ನನಗೂ ಅವರ ಮೇಲೆ ಸಿಟ್ಟಿತ್ತು. ಅಣ್ಣ ಕೂಗಿದ್ದನ್ನೇ ನಾನು ಮನಸ್ಸಿನಲ್ಲಿ ಕೂಗುತ್ತಿದ್ದೆ.

ಕೊನೆಗೆ ನನ್ನ ಸರದಿ. ಮೊದಲು ಕೈ ನೋಡಲಿಲ್ಲ, ಬಳೆ ನೋಡಿದರು. ಮದುವೆಗೆ ಅಂತ ಡಜನ್ ಗಾಜಿನ ಬಳೆ ಹಾಕಿದ್ದೆ. ಏಳೆಂಟು ಉಳಿದಿದ್ದವು. ಬೆರಳಲ್ಲಿ ಅಮ್ಮ ಕೊಟ್ಟ ಉಂಗುರ. "ಇದನ್ನೆಲ್ಲ ಈಗಲೇ ತೆಗೀಬೇಕು ಅಕ್ಕ. ಇನ್ನೊಂದು ಗಂಟೆಗೆ ಕೈ ಊದಿಕೊಂಡ್ರೆ ಬೆರಳಿಗೆ ರಕ್ತ ಹೋಗಲ್ಲ." ಬಳೆಯ ಕೆಳಗೆ ಮಡಚಿದ ಗಾಜ್ ತೂರಿಸಿ, ಒಂದೊಂದನ್ನೇ ಕತ್ತರಿ ಹಿಡಿಯಿಂದ ತಟ್ಟಿ ಒಡೆದರು. ಉಂಗುರ ಬರಲಿಲ್ಲ. ಕೈ ಮೇಲೆತ್ತಿಸಿ ಜೆಲ್ಲಿ ಹಚ್ಚಿ ತಿರುಗಿಸುತ್ತಾ ತಿರುಗಿಸುತ್ತಾ ತೆಗೆದರು. ನಾನು ಅತ್ತೆ. ಉಂಗುರವನ್ನು ನನ್ನ ಸೆರಗಿನ ತುದಿಗೆ ಕಟ್ಟಿ, ಗಂಟನ್ನು ನನ್ನ ಎಡಗೈಗೇ ಕೊಟ್ಟರು. ಆಮೇಲೆ ಉಗುರು ಒತ್ತಿ ಬಿಟ್ಟರು. ಬಿಳಿ ಆದದ್ದು ಎರಡು ಎಣಿಸುವುದರೊಳಗೆ ಕೆಂಪಗಾಯಿತು. ಒಂದೊಂದು ಬೆರಳ ತುದಿ ಮುಟ್ಟಿ, ಗೊತ್ತಾಗುತ್ತಾ ಅಂತ ಕೇಳಿದರು. ರಟ್ಟಿನ ತುಂಡು ಇಟ್ಟು ಕಟ್ಟಿ, ಕೈಯನ್ನು ಕುತ್ತಿಗೆಗೆ ಜೋತು ಹಾಕಿದರು. "ಏನೂ ತಿನ್ನಬೇಡಿ, ಕಾಫಿನೂ ಬೇಡ. ಮೂಳೆ ಕೂರಿಸೋಕೆ ಅರಿವಳಿಕೆ ಬೇಕಾಗಬಹುದು." ಹಸಿರು ಪಟ್ಟಿ. ಬೆಂಚು.

ಚಿಕ್ಕಪ್ಪನನ್ನೂ ಅಷ್ಟರಲ್ಲೇ ನೋಡಿದ್ದರು. ಬಿಪಿ 118, ನಾಡಿ 78. ನಡೆದುಕೊಂಡೇ ಬಂದವರು, ಮಾತು ನೆಟ್ಟಗಿದೆ, ರಕ್ತ ಎಲ್ಲೂ ಇಲ್ಲ. ಅವರಿಗೂ ಹಸಿರು. ಆ ಅಂಕಿ ನೋಡಿದರೆ ಯಾರಿಗೂ ಅನುಮಾನ ಬರುವ ಹಾಗಿರಲಿಲ್ಲ.

ಬೆಂಚಿನ ಮೇಲೆ ಕೂತಾಗ ಲಾರಿಯವರು ಬಂದರು. ನಮ್ಮ ಚೀಲಗಳನ್ನೆಲ್ಲ ತಂದುಕೊಟ್ಟು, ಮೆಲ್ಲಗೆ ಕೇಳಿದರು, "ನಂಗೆ ಪೊಲೀಸ್ ಸ್ಟೇಷನ್‌ಗೆ ಬಾ ಅಂತಾರಾ ಅಕ್ಕ?" ಅವರ ಮುಖದಲ್ಲಿದ್ದ ಹೆದರಿಕೆ ಕಂಡು ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಹನ್ನೊಂದು ಜನರನ್ನು ಈಚೆ ಎಳೆದ ಮನುಷ್ಯ. ಕೌಂಟರಿನವರೇ ಹೇಳಿದರು, ಹೆಸರು ಹೇಳಲು ಇಷ್ಟ ಇಲ್ಲದಿದ್ದರೆ ಹೇಳಬೇಕಾಗಿಲ್ಲ, ಹೋಗಬಹುದು ಅಂತ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಒಂದು ಕಲಂ ಸೇರಿಸಿದ್ದಾರೆ. ಗಾಯಾಳುವಿಗೆ ನೆರವಾದವರನ್ನು ಹಿಡಿದು ಕೂರಿಸುವ ಹಾಗಿಲ್ಲ. ಆಸ್ಪತ್ರೆಯವರೂ ಮೊದಲು ಪೊಲೀಸ್ ಕಾಗದ ತನ್ನಿ ಅನ್ನುವ ಹಾಗಿಲ್ಲ. ಜೀವ ಉಳಿಸುವುದು ಮೊದಲು ಅಂತ 1989ರಲ್ಲೇ ಸುಪ್ರೀಂ ಕೋರ್ಟು ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ಅಂತ ಆಸ್ಪತ್ರೆಯವರು ಮಾಡುವ ದಾಖಲೆ, ಬರೆಯುವುದು ಅದರ ಪಾಡಿಗೆ ನಡೆಯುತ್ತೆ. ಇದು ಎಲ್ಲ ಲಾರಿ ಸ್ಟ್ಯಾಂಡಿನಲ್ಲೂ ದೊಡ್ಡದಾಗಿ ಬರೆದು ಹಾಕಬೇಕಾದ ವಿಷಯ ಅಂತ ನನಗೆ ಅನಿಸುತ್ತೆ.

ಹತ್ತೂ ಇಪ್ಪತ್ತರ ಹೊತ್ತು. ಬಾಗಿಲಲ್ಲಿ ಗದ್ದಲ ಕಡಿಮೆ ಆಗಿತ್ತು. ಸಿಸ್ಟರ್ ಮೇಜು ಬಿಟ್ಟು ಎದ್ದು ಬೆಂಚಿನ ಸಾಲಿಗೆ ಬಂದರು. ಹಸಿರು ಪಟ್ಟಿ ಕಟ್ಟಿದವರನ್ನೆಲ್ಲ ಮತ್ತೆ ಒಂದು ಸುತ್ತು ನೋಡುವುದು ಅವರ ಪದ್ಧತಿ. ಬೆರಳು ಕೊಯ್ದುಕೊಂಡವರನ್ನು ನೋಡಿದರು. ನನ್ನ ಉಗುರು ಒತ್ತಿದರು. ಚಿಕ್ಕಪ್ಪನ ಎದುರು ನಿಂತು, "ಅಜ್ಜಾ, ಹೇಗಿದ್ದೀರಿ?" ಅಂದರು. "ಏನಿಲ್ಲಮ್ಮ, ಸ್ವಲ್ಪ ಸುಸ್ತು" ಅಂದು ಅವರು ಆಕಳಿಸಿದರು.

ಸಿಸ್ಟರ್ ಅವರ ಕೈ ಹಿಡಿದವರು ಬಿಡಲೇ ಇಲ್ಲ. ಅಂಗೈ ಮುಟ್ಟಿದರು, ಮೊಣಕೈವರೆಗೆ ಸವರಿದರು. "ಕೈ ಯಾಕೆ ಇಷ್ಟು ತಣ್ಣಗಿದೆ?" ಅಂತ ನನ್ನನ್ನು ಕೇಳಿದರು. ಬಿಪಿ ನೋಡಿದರು. 104. ನಾಡಿ 82. "ಇವರಿಗೆ ಯಾವಾಗ್ಲೂ ಬಿಪಿ ಎಷ್ಟಿರುತ್ತೆ? ಮಾತ್ರೆ ತಗೋತಾರಾ?" ತಗೋತಾರೆ, ಮಾತ್ರೆ ತಗೊಂಡರೂ 150 ಇರುತ್ತೆ ಅಂದೆ. ಯಾವ ಮಾತ್ರೆ? ಹೆಸರು ನನಗೆ ಗೊತ್ತಿರಲಿಲ್ಲ. ಚಿಕ್ಕಪ್ಪ ತಾವೇ ಅಂಗಿ ಜೇಬಿನಿಂದ ಅರ್ಧ ಖಾಲಿಯಾದ ಒಂದು ಸ್ಟ್ರಿಪ್ ತೆಗೆದರು. ಅದರ ಹಿಂದೆ ಬೆಳ್ಳಿ ಕಾಗದ ಹರಿದು ಅರ್ಧ ಹೆಸರು ಮಾತ್ರ ಉಳಿದಿತ್ತು. ಸಿಸ್ಟರ್ ಅದನ್ನು ಬೆಳಕಿಗೆ ಹಿಡಿದು ಓದಿದರು. ಮೆಟೊಪ್ರೊಲಾಲ್.

ಆ ಮಾತ್ರೆ ಮಾಡುವ ಕೆಲಸವೇ ಗುಂಡಿಗೆಯ ಓಟ ತಗ್ಗಿಸುವುದು. ಒಳಗೆ ರಕ್ತ ಸೋರುತ್ತಿದ್ದರೆ ಬೇರೆಯವರ ನಾಡಿ 120, 130ಕ್ಕೆ ಏರಿ, ಏನೋ ಆಗಿದೆ ಅಂತ ಸಾರಿ ಹೇಳುತ್ತೆ. ಈ ಮಾತ್ರೆ ತಿನ್ನುವವರಲ್ಲಿ ಅಷ್ಟು ಏರದೇ ಇರಬಹುದು. 82 ಅಂತ ತಣ್ಣಗೆ ಕೂತಿರುತ್ತೆ. ಬಿಪಿಯೂ ಹಾಗೆಯೇ. 104 ನನಗಾದರೆ ಸರಿ. ಯಾವಾಗಲೂ 150 ಇರುವ 68 ವರ್ಷದವರಿಗೆ 104 ಅಂದರೆ ಬಿದ್ದು ಹೋಗಿದೆ ಅಂತ ಅರ್ಥ. 65 ದಾಟಿದವರಿಗೆ ಪೆಟ್ಟಾಗಿ ಬಿಪಿ 110ಕ್ಕಿಂತ ಕೆಳಗೆ ಬಂದರೆ ಅನುಮಾನ ಪಡಲೇಬೇಕು ಅಂತ ನಿಯಮವೇ ಇದೆ ಅಂತ ಆಮೇಲೆ ಡ್ಯೂಟಿ ಡಾಕ್ಟರ್ ಹೇಳಿದರು.

"ಎಲ್ಲಿ ನೋವು ಅಜ್ಜ?" ಎಡ ಭುಜ ಅಂದರು. ಸಿಸ್ಟರ್ ಭುಜ ಅಮುಕಿದರು, ಕೈ ಎತ್ತಿಸಿದರು. ಸಲೀಸಾಗಿ ಎತ್ತಿದರು. "ಮಲಗಿದ್ರೆ ಜಾಸ್ತಿ ಆಗುತ್ತಾ?" ಹೌದು, ಕಾರಿನಲ್ಲಿ ಒರಗಿದಾಗ ಜಾಸ್ತಿ ಆಯಿತು ಅಂದರು. ಸಿಸ್ಟರ್ ಅಂಗಿ ಎತ್ತಿ ಎಡ ಪಕ್ಕೆಯ ಕೆಳಗೆ ಬೆರಳಿಟ್ಟರು. ಚಿಕ್ಕಪ್ಪ ಹಲ್ಲು ಕಚ್ಚಿದರು. ಸಿಸ್ಟರ್ ಜೇಬಿನಿಂದ ಕತ್ತರಿ ತೆಗೆದು ಹಸಿರು ಪಟ್ಟಿ ಕತ್ತರಿಸಿದರು. ಆ ಕತ್ತರಿಯ ಸದ್ದು ನನಗೆ ಇನ್ನೂ ಕಿವಿಯಲ್ಲಿದೆ. ಕೆಂಪು ಪಟ್ಟಿ ಕಟ್ಟುತ್ತಲೇ ಸ್ಟ್ರೆಚರಿಗೆ ಕೂಗಿದರು.

ಭುಜಕ್ಕೆ ಏನೂ ಆಗಿರಲಿಲ್ಲ. ಗುಲ್ಮ, ಅಂದರೆ ಸ್ಪ್ಲೀನ್ ಒಡೆದು, ರಕ್ತ ಹೊಟ್ಟೆಯೊಳಗೆ ಸೇರಿ ಮೇಲಿನ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನು, ಕೆರಳಿಸುತ್ತಿತ್ತು. ವಪೆಯಿಂದ ಬರುವ ನರವೂ ಭುಜದಿಂದ ಬರುವ ನರವೂ ಕುತ್ತಿಗೆಯ ಒಂದೇ ಜಾಗದಲ್ಲಿ ಸೇರುತ್ತವೆ. ಹಾಗಾಗಿ ಹೊಟ್ಟೆಯ ನೋವು ಭುಜದಲ್ಲಿ ಕಾಣುತ್ತೆ. ಒಳಗೆ ಡಾಕ್ಟರು ಹಾಸಿಗೆ ಪಕ್ಕಕ್ಕೇ ಸ್ಕ್ಯಾನ್ ಮಿಷನ್ ಎಳೆದುಕೊಂಡು ಹೊಟ್ಟೆ ಮೇಲೆ ಇಟ್ಟು ನೋಡಿದರು. ಅದಕ್ಕೆ ಫಾಸ್ಟ್ ಸ್ಕ್ಯಾನ್ ಅನ್ನುತ್ತಾರೆ. ಕೆಲವೇ ನಿಮಿಷ ಸಾಕು. ಪರದೆಯಲ್ಲಿ ಕಪ್ಪಾಗಿ ಕಂಡದ್ದೆಲ್ಲ ರಕ್ತ ಅಂದರು. ಎರಡೂ ಕೈಗೆ ಡ್ರಿಪ್, ಜೊತೆಗೆ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್. ಪೆಟ್ಟಾಗಿ 3 ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವ ತಗ್ಗಿಸಲು ಅದು ನೆರವಾಗುತ್ತೆ. ಆಗ ಹತ್ತೂ ಮುಕ್ಕಾಲು. ನಾನು ಬೆರಳು ಮಡಚಿ ಎಣಿಸಿದೆ, ಎರಡೂವರೆ ಗಂಟೆ. ರಕ್ತ ಕೊಡಲು ಅಣ್ಣ ಓಡಿದ. ಹನ್ನೊಂದೂವರೆಗೆ ಓಟಿ. ಗುಲ್ಮ ತೆಗೆದರು. ಹೊಟ್ಟೆಯಲ್ಲಿ ಒಂದೂವರೆ ಲೀಟರ್ ರಕ್ತ ಇತ್ತಂತೆ.

ನನ್ನ ಸರದಿ ಎರಡು ಗಂಟೆಗೆ ಬಂತು ಅಂದೆನಲ್ಲ. ಅಷ್ಟು ಹೊತ್ತಿಗೆ ನನಗೆ ಕಾಯುವುದರ ಬಗ್ಗೆ ಯಾವ ದೂರೂ ಉಳಿದಿರಲಿಲ್ಲ. ನನ್ನ ಕೈ ಕಾಯಬಲ್ಲದು, ಚಿಕ್ಕಪ್ಪನ ಹೊಟ್ಟೆ ಕಾಯಲಾರದು ಅಂತ ಅವರಿಗೆ ಗೊತ್ತಿತ್ತು. ಆದರೆ ಒಂದು ಮಾತು. ಬೆಂಚಿನ ಮೇಲೆ ಕೂರಿಸಿ ಮರೆತಿದ್ದರೆ ಅದೇ ಹಸಿರು ಪಟ್ಟಿ ಅವರನ್ನು ಕೊಲ್ಲುತ್ತಿತ್ತು. ಪಟ್ಟಿ ಕಟ್ಟುವುದು ಕೆಲಸದ ಅರ್ಧ ಮಾತ್ರ. ತಿರುಗಿ ಬಂದು ನೋಡುವುದು ಇನ್ನರ್ಧ. ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಆ ಮೇಜೇ ಇಲ್ಲ. ಇದ್ದರೂ ರಾತ್ರಿ ಅಲ್ಲಿ ಕೂರಲು ಒಬ್ಬರೇ. ಆ ಒಬ್ಬರೇ ಬಾಗಿಲನ್ನೂ ನೋಡಬೇಕು, ಬೆಂಚನ್ನೂ ನೋಡಬೇಕು. ಅವತ್ತು ಇನ್ನೊಂದು ಆಂಬುಲೆನ್ಸ್ ಅದೇ ಹೊತ್ತಿಗೆ ಬಂದಿದ್ದರೆ ಸಿಸ್ಟರ್ ಏಳಲು ಆಗುತ್ತಿತ್ತಾ? ನಾನು ಇದನ್ನು ಯೋಚಿಸಿದಾಗಲೆಲ್ಲ ಮೈ ಝುಮ್ ಅನ್ನುತ್ತೆ. ಆ ಮೇಜಿಗೆ ಇಬ್ಬರು ಬೇಕು. ಕೇಳಬೇಕಾದದ್ದು ನಾವು.

ಕಾರಿನಲ್ಲಿ ನೀರು ಕೇಳಿದ್ದು, ಭುಜ ನೋವು ಅಂದದ್ದು, ಎಡ ಕಿಟಕಿ ಪಕ್ಕ ಕೂತದ್ದು, ಇದೆಲ್ಲ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ, ಯಾಕೆಂದರೆ ಹೇಳುವಂಥದ್ದು ಅಂತ ಅನಿಸಲಿಲ್ಲ. ಈಗ ಯಾರೇ ಆಸ್ಪತ್ರೆಗೆ ಹೊರಟರೂ ಹೇಳುತ್ತೇನೆ. ಹೇಗೆ ಬಿದ್ದರು, ಯಾವ ಮಗ್ಗುಲು ತಾಗಿತು, ಯಾವ ಮಾತ್ರೆ ತಿನ್ನುತ್ತಾರೆ, ರಕ್ತ ತೆಳು ಮಾಡುವ ಮಾತ್ರೆ ಇದೆಯಾ, ಮೊದಲಿಗಿಂತ ಈಗ ಏನು ಬದಲಾಗಿದೆ. ಇಷ್ಟನ್ನು ಕೇಳುವ ಮೊದಲೇ ಹೇಳಿಬಿಡಿ. ಬೆಂಚಿನ ಮೇಲೆ ಕೂತವರು ಬೆವರಿದರೆ, ಬಿಳಿಚಿಕೊಂಡರೆ, ಸುಮ್ಮನಾದರೆ ಎದ್ದು ಹೋಗಿ ಕರೆಯಿರಿ. ಬೈದರೂ ಪರವಾಗಿಲ್ಲ.

ಒಂಬತ್ತು ದಿನ ಆದ ಮೇಲೆ ಡಿಸ್ಚಾರ್ಜ್ ಆಯಿತು. ಗುಲ್ಮ ಇಲ್ಲದವರಿಗೆ ಕೆಲವು ಸೋಂಕು ಬೇಗ ಏರುತ್ತವೆ ಅಂತ ನ್ಯುಮೋನಿಯಾ ಮತ್ತೆ ಮೆದುಳು ಜ್ವರದ ಲಸಿಕೆಗಳ ಚೀಟಿ ಬರೆದುಕೊಟ್ಟರು. ಜ್ವರ ಬಂದರೆ ಮನೆಯಲ್ಲಿ ಕಷಾಯ ಕುಡಿದು ಕೂರಬೇಡಿ, ಅವತ್ತೇ ಬನ್ನಿ ಅಂದರು. ಚಿಕ್ಕಪ್ಪ ಹೊರಡುವ ಮುಂಚೆ ಆ ಸಿಸ್ಟರನ್ನು ನೋಡಬೇಕು ಅಂದರು. ಬಾಳೆಹಣ್ಣು, ಒಂದು ಮೊಳ ಮಲ್ಲಿಗೆ ತರಿಸಿದ್ದರು. ಮೇಜಿನ ಹತ್ತಿರ ಹೋದೆವು. ಸಂಜೆ ಪಾಳಿಯಲ್ಲಿ ಅವರೇ ಇದ್ದರು. ತಲೆ ಎತ್ತಿ ನಮ್ಮನ್ನು ನೋಡಿದರು, ಮುಖ ಗುರುತು ಸಿಕ್ಕಿದ ಹಾಗೆ ಕಾಣಲಿಲ್ಲ. ಚಿಕ್ಕಪ್ಪ ಕೈ ಮುಗಿಯಲು ಕೈ ಎತ್ತಿದರು. ಆಗ ಅವರ ಕಣ್ಣು ಅರಳಿತು.

"ಎಡ ಭುಜ ಅಲ್ವಾ ಅಜ್ಜ?"

ಹೌದಮ್ಮ ಅಂದರು ಚಿಕ್ಕಪ್ಪ. ಮುಂದೆ ಮಾತು ಬರಲಿಲ್ಲ. ಸಿಸ್ಟರ್ ಮಲ್ಲಿಗೆ ತೆಗೆದುಕೊಂಡು ಮೇಜಿನ ಮೇಲೆ, ಪಟ್ಟಿಗಳ ಡಬ್ಬಿ ಪಕ್ಕ ಇಟ್ಟರು. ಹೊರಗೆ ಆಂಬುಲೆನ್ಸ್ ಬಂದ ಸದ್ದಾಯಿತು. "ನಿಧಾನ ಹೋಗಿ ಅಜ್ಜ" ಅಂದು ಅವರು ಗ್ಲೌಸ್ ಹಾಕಿಕೊಳ್ಳುತ್ತಾ ಬಾಗಿಲಿಗೆ ನಡೆದರು.